ರೀಲ್ಸ್ ಜಾಹೀರಾತಿನ ಬಜೆಟ್ 500ರಿಂದ 5,000ಕ್ಕೆ: ಯಾವುದು ಮೊದಲು, ಯಾವುದು ಆಮೇಲೆ

"ದಿನಕ್ಕೆ 500 ರೂಪಾಯಿ ಹಾಕ್ತಿದ್ದಾಗ ಆರ್ಡರ್ ಚೆನ್ನಾಗಿ ಬರ್ತಿತ್ತು. 5,000ಕ್ಕೆ ಏರಿಸಿದೆ, ಎಲ್ಲ ನಿಂತೇ ಹೋಯ್ತು." ಸಣ್ಣ ವ್ಯಾಪಾರ ಮಾಡುವವರಿಂದ ಪದೇ ಪದೇ ಕೇಳಿಬರುವ ದೂರು ಇದು. ತಪ್ಪು ಸಾಮಾನ್ಯವಾಗಿ ಬಜೆಟ್‌ನಲ್ಲಿ ಇರುವುದಿಲ್ಲ, ಕೆಲಸದ ಕ್ರಮದಲ್ಲಿ ಇರುತ್ತದೆ. ದುಡ್ಡು ಏರಿಸುವುದು ಇಲ್ಲಿ ಏಳನೇ ಹಂತ. ಹೆಚ್ಚಿನವರು ಅದನ್ನೇ ಮೊದಲು ಮಾಡುತ್ತಾರೆ.

ಭಾರತದಲ್ಲಿ 2020ರ ಜೂನ್ ಕೊನೆಯಿಂದ ಟಿಕ್‌ಟಾಕ್ ಇಲ್ಲ. ಹಾಗಾಗಿ ಅಮೆರಿಕದವರು ಟಿಕ್‌ಟಾಕ್‌ಗೆ ಬರೆದ ಸೂತ್ರಗಳನ್ನು ಪಕ್ಕಕ್ಕಿಡಿ. ನಮಗೆ ಇರುವುದು ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್ ರೀಲ್ಸ್, ಆಮೇಲೆ ಯೂಟ್ಯೂಬ್ ಶಾರ್ಟ್ಸ್. ಇಲ್ಲಿ ಹೇಳುವುದು ಬಹುಪಾಲು ರೀಲ್ಸ್ ಬಗ್ಗೆ. ಶಾರ್ಟ್ಸ್ ಮಾತು ಕೊನೆಗೆ.

ಲೆಕ್ಕಕ್ಕೆ ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ ಕಡೆಯ ಒಂದು ಮನೆ, ಶೇಂಗಾ, ಅಗಸಿ, ಗುರೆಳ್ಳು ಮೂರೂ ಚಟ್ನಿಪುಡಿಯ ಕಾಂಬೊ, ಬೆಲೆ 699 ರೂಪಾಯಿ. ಸ್ವಂತ ವೆಬ್‌ಸೈಟ್ ಇದೆ. ಹೆಚ್ಚಿನ ಗಿರಾಕಿಗಳು ಕ್ಯಾಶ್ ಆನ್ ಡೆಲಿವರಿ (ಸಿಒಡಿ) ಕೇಳುತ್ತಾರೆ. ನಿಮ್ಮ ಸರಕು ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಆ್ಯಡ್ ಅಕೌಂಟ್ ನಿಮ್ಮ ಹೆಸರಿನಲ್ಲೇ ಇರಲಿ. ಆ್ಯಡ್ ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಂಡರೆ ಅವರಿಗೆ ಪಾರ್ಟ್‌ನರ್ ಆಕ್ಸೆಸ್ ಕೊಡಿ, ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಟೂ-ಫ್ಯಾಕ್ಟರ್, ಅಂದರೆ ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಭದ್ರತೆ, ಹಾಕಿ. "ನಿಮ್ಮ ಪೇಜ್ 24 ಗಂಟೆಯಲ್ಲಿ ಬಂದ್ ಆಗುತ್ತದೆ, ಈ ಲಿಂಕ್ ಒತ್ತಿ" ಎಂದು ಮೆಟಾ (ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎರಡರ ಕಂಪನಿ) ಹೆಸರಿನಲ್ಲಿ ಬರುವ ಮೆಸೇಜ್‌ಗಳು ಮೋಸ. ಬಜೆಟ್ ದೊಡ್ಡದಾದಷ್ಟೂ ಇಂಥವರ ಕಣ್ಣು ನಿಮ್ಮ ಮೇಲೆ ಜಾಸ್ತಿ.

ಕೆಲಸ ಮಾಡುವುದು ಆ್ಯಡ್ಸ್ ಮ್ಯಾನೇಜರ್‌ನಲ್ಲಿ, ಅಂದರೆ ಆ್ಯಡ್ ಹಾಕಲು, ಅಂಕಿ ನೋಡಲು ಮೆಟಾ ಕೊಟ್ಟಿರುವ ಜಾಗದಲ್ಲಿ. ಪೋಸ್ಟ್ ಕೆಳಗಿನ ಬೂಸ್ಟ್ ಬಟನ್ ಒತ್ತುತ್ತಾ ಸ್ಕೇಲ್ ಮಾಡಲು (ಬಜೆಟ್ ಏರಿಸಿ ವ್ಯಾಪಾರ ಬೆಳೆಸಲು) ಆಗುವುದಿಲ್ಲ, ಅಲ್ಲಿ ಹಿಡಿತ ಕಡಿಮೆ. ಇದರ ಜೊತೆ ಕೊರಿಯರ್ ಕಂಪನಿಯ ಡೆಲಿವರಿ ರಿಪೋರ್ಟ್ ಬೇಕು, ಒಂದು ಎಕ್ಸೆಲ್ ಶೀಟ್ ಬೇಕು. ಫೋನ್ ಕ್ಯಾಮೆರಾ, ಟ್ರೈಪಾಡ್, ಕಾಲರ್ ಮೈಕ್ ಸಾಕು.

ಇನ್ನೊಂದು ಷರತ್ತು. ಸಣ್ಣ ಬಜೆಟ್‌ನಲ್ಲಿ ಕನಿಷ್ಠ ಒಂದು ತಿಂಗಳಾದರೂ ಆರ್ಡರ್ ಬಂದಿರಬೇಕು. 500 ರೂಪಾಯಿಗೆ ಮಾರಾಟ ಆಗದ ಸರಕು 5,000ಕ್ಕೆ ಆಗುವುದಿಲ್ಲ.

## ಹಂತ 1: ಒಂದು ಆರ್ಡರಿಗೆ ಎಷ್ಟು ಸುರಿಯಬಹುದು?

ಹೆಚ್ಚಿನವರು ಹಾಕುವ ಲೆಕ್ಕ ಹೀಗಿರುತ್ತದೆ. 699ರಲ್ಲಿ ತೆರಿಗೆ ಕಳೆದು ಕೈಗೆ 660. ಸರಕು ಮತ್ತು ಪ್ಯಾಕಿಂಗ್ 230. ಕೊರಿಯರ್ 80. ಸಿಒಡಿ ಶುಲ್ಕ ಅಥವಾ ಆನ್‌ಲೈನ್ ಪೇಮೆಂಟ್ ಗೇಟ್‌ವೇ ಶುಲ್ಕ 20. ಉಳಿದದ್ದು 330. ಅಂದರೆ ಒಂದು ಆರ್ಡರಿಗೆ 330 ರೂಪಾಯಿವರೆಗೆ ಆ್ಯಡ್ ಖರ್ಚು ಮಾಡಿದರೂ ನಷ್ಟ ಇಲ್ಲ ಅಂದುಕೊಳ್ಳುತ್ತಾರೆ.

ಇದರಲ್ಲಿ ಆರ್‌ಟಿಒ ಇಲ್ಲವೇ ಇಲ್ಲ. ಗಿರಾಕಿ ತಗೊಳ್ಳದೆ ವಾಪಸ್ ಬಂದ ಪಾರ್ಸೆಲ್‌ಗೆ ಕೊರಿಯರ್ ಭಾಷೆಯಲ್ಲಿ ಆರ್‌ಟಿಒ ಅನ್ನುತ್ತಾರೆ. ಸಿಒಡಿ ವ್ಯಾಪಾರದಲ್ಲಿ ಇದನ್ನು ಬಿಟ್ಟು ಲೆಕ್ಕ ಹಾಕುವಂತೆಯೇ ಇಲ್ಲ.

ಈಗ 100 ಆರ್ಡರ್ ಬಂತು ಅಂತ ಇಟ್ಟುಕೊಳ್ಳಿ. 80 ತಲುಪಿದವು, 20 ವಾಪಸ್ ಬಂದವು. ಬಂದ ಹಣ 80 × 660 = 52,800. ಸರಕಿನ ಖರ್ಚು 100ಕ್ಕೂ ಹಿಡಿಯಬೇಕು, ಯಾಕೆಂದರೆ ಎರಡು ವಾರ ಲಾರಿ, ಗೋಡೌನು ಸುತ್ತಿ ಬಂದ ಚಟ್ನಿಪುಡಿಯನ್ನು ಇನ್ನೊಬ್ಬರಿಗೆ ಕಳಿಸುವುದು ಸರಿಯಲ್ಲ. ಅದು 23,000. ಹೋಗುವ ಕೊರಿಯರ್ 8,000. ವಾಪಸ್ ಬರುವ ಕೊರಿಯರ್ ತಲಾ 70ರಂತೆ 1,400. ಶುಲ್ಕ 1,600. ಒಟ್ಟು ಖರ್ಚು 34,000, ಉಳಿದದ್ದು 18,800. ನೂರು ಆರ್ಡರಿಗೆ ಹಂಚಿದರೆ ತಲಾ 188 ರೂಪಾಯಿ.

330 ಎಲ್ಲಿ, 188 ಎಲ್ಲಿ! ಆ್ಯಡ್ಸ್ ಮ್ಯಾನೇಜರ್ ತೋರಿಸುವ ರೋಆಸ್‌ಗೆ, ಅಂದರೆ ಹಾಕಿದ ಒಂದು ರೂಪಾಯಿಗೆ ಎಷ್ಟು ರೂಪಾಯಿ ಮಾರಾಟ ಅನ್ನುವ ಅಂಕಿಗೆ, ಇದನ್ನು ತಿರುಗಿಸಿ ನೋಡಿ. ಮೊದಲ ಲೆಕ್ಕದಲ್ಲಿ 2.1 ಬಂದರೆ ಅಸಲು. ನಿಜದಲ್ಲಿ 3.7 ಬಂದರೆ ಮಾತ್ರ ಅಸಲು. ಸ್ಕ್ರೀನ್ ಮೇಲೆ 2.5 ನೋಡಿ ಖುಷಿಯಲ್ಲಿ ಬಜೆಟ್ ಏರಿಸಿದವರು ನಷ್ಟವನ್ನೇ ಹತ್ತು ಪಟ್ಟು ಮಾಡಿಕೊಂಡಿರುತ್ತಾರೆ.

ಇನ್ನೂ ಒಂದು ಕಡಿತ ಇದೆ. ಜಾಹೀರಾತಿನ ಮೇಲೆ 18% ಜಿಎಸ್‌ಟಿ. ಆ್ಯಡ್ಸ್ ಮ್ಯಾನೇಜರ್ ತೋರಿಸುವ ಖರ್ಚಿನಲ್ಲಿ ಅದು ಸೇರಿರುವುದಿಲ್ಲ. ನಿಮ್ಮ ಜಿಎಸ್‌ಟಿ ನಂಬರನ್ನು ಬಿಲ್ಲಿಂಗ್ ಸೆಟ್ಟಿಂಗ್ಸ್‌ನಲ್ಲಿ ಹಾಕಿದ್ದರೆ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಬಗ್ಗೆ ನಿಮ್ಮ ಅಕೌಂಟೆಂಟ್ ಹತ್ತಿರ ಕೇಳಬಹುದು. ಹಾಕದಿದ್ದರೆ ಅದು ಪೂರ್ತಿ ಖರ್ಚೇ. ಆಗ 188 ಇಳಿದು 159 ಆಗುತ್ತದೆ.

ಮನೆಬಾಡಿಗೆ, ಕೆಲಸದವರ ಸಂಬಳ ಇದರಲ್ಲಿ ಬಂದಿಲ್ಲ ಅನ್ನುವುದು ನೆನಪಿರಲಿ.

## ಹಂತ 2: ಎಣಿಕೆ ಸರಿ ಇದೆಯಾ ನೋಡಿ

ಮೆಟಾದ ಯಂತ್ರ ನಿಮ್ಮ ಸೈಟ್ ಕಳಿಸುವ ಪರ್ಚೇಸ್ ಸಂಕೇತವನ್ನು ನೋಡಿ ಕಲಿಯುತ್ತದೆ. ಸಂಕೇತ ತಪ್ಪಿದರೆ ಅದು ತಪ್ಪು ಜನರನ್ನು ಹುಡುಕಿಕೊಂಡು ಹೋಗುತ್ತದೆ. ಬಜೆಟ್ ಏರಿಸಿದರೆ ಇನ್ನೂ ಜಾಸ್ತಿ ತಪ್ಪು ಜನ.

ಪಿಕ್ಸೆಲ್, ಅಂದರೆ ಬ್ರೌಸರ್‌ನಿಂದ ಸಂಕೇತ ಕಳಿಸಲು ಸೈಟ್‌ಗೆ ಹಾಕುವ ಮೆಟಾದ ಕೋಡ್, ಒಂದೇ ಸಾಲದು. 2021ರಲ್ಲಿ ಆ್ಯಪಲ್ ಐಫೋನ್‌ನಲ್ಲಿ ಆ್ಯಪ್‌ಗಳು ಅನುಮತಿ ಕೇಳಿಯೇ ಟ್ರ್ಯಾಕ್ ಮಾಡಬೇಕು ಎಂದ ಮೇಲೆ ಬ್ರೌಸರ್‌ನಿಂದ ಬರುವ ಮಾಹಿತಿ ಪೂರ್ತಿ ಮೆಟಾಕ್ಕೆ ತಲುಪುತ್ತಿಲ್ಲ. ಅದಕ್ಕೆ ಸರ್ವರ್ ಕಡೆಯಿಂದ ಕಳಿಸುವ ಕನ್ವರ್ಷನ್ಸ್ ಎಪಿಐ ಕೂಡ ಜೋಡಿಸಿ. ಎರಡೂ ಒಂದೇ ಆರ್ಡರನ್ನು ಕಳಿಸುವುದರಿಂದ ಎರಡಕ್ಕೂ ಒಂದೇ ಇವೆಂಟ್ ಐಡಿ ಇರಬೇಕು. ಇಲ್ಲದಿದ್ದರೆ ಒಂದು ಆರ್ಡರ್ ಎರಡಾಗಿ ಕಾಣುತ್ತದೆ.

ಪರೀಕ್ಷೆ ಸುಲಭ. ನೀವೇ ಒಂದು ಸಿಒಡಿ ಆರ್ಡರ್ ಹಾಕಿ, ಒಂದು ಪ್ರೀಪೇಯ್ಡ್ ಆರ್ಡರ್ ಹಾಕಿ, ಇವೆಂಟ್ಸ್ ಮ್ಯಾನೇಜರ್‌ನ ಟೆಸ್ಟ್ ಇವೆಂಟ್ಸ್‌ನಲ್ಲಿ ನೋಡಿ. ಆಗಾಗ ಸಿಗುವ ತಪ್ಪುಗಳು ಮೂರು. ಸಿಒಡಿ ಫಾರ್ಮ್ ಬೇರೆ ಆ್ಯಪ್‌ನದಾಗಿದ್ದು ಪರ್ಚೇಸ್ ಸಂಕೇತವೇ ಹೋಗದಿರುವುದು. ಥ್ಯಾಂಕ್ ಯೂ ಪೇಜ್ ರಿಫ್ರೆಶ್ ಮಾಡಿದಾಗ ಮತ್ತೊಮ್ಮೆ ಎಣಿಕೆ ಆಗುವುದು. ಮೊತ್ತ ಹೋಗದೆ ಬರೀ ಎಣಿಕೆ ಹೋಗುವುದು.

ಆಮೇಲೆ ಒಂದು ವಾರದ ಸೈಟ್ ಆರ್ಡರುಗಳನ್ನೂ ಆ್ಯಡ್ಸ್ ಮ್ಯಾನೇಜರ್ ಅಂಕಿಯನ್ನೂ ಪಕ್ಕಪಕ್ಕ ಇಡಿ. ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೆ ಸೈಟ್‌ನಲ್ಲಿ ಒಟ್ಟು ಬಂದದ್ದಕ್ಕಿಂತ ಆ್ಯಡ್ಸ್ ಮ್ಯಾನೇಜರ್‌ನಲ್ಲೇ ಜಾಸ್ತಿ ಕಂಡರೆ ಅಲ್ಲೇ ನಿಲ್ಲಿ. ಅದು ಸರಿಯಾಗುವವರೆಗೆ ಮುಂದಿನ ಹಂತ ಇಲ್ಲ.

## ಹಂತ 3: ವಾಪಸ್ ಬರುವ ಪಾರ್ಸೆಲ್ ಕಡಿಮೆ ಮಾಡಿ

ಇದು ಆ್ಯಡ್ ಕೆಲಸ ಅಲ್ಲವಲ್ಲ ಅಂತ ಅನಿಸಬಹುದು. ನನ್ನ ಮಟ್ಟಿಗೆ ಸ್ಕೇಲಿಂಗ್‌ನಲ್ಲಿ ಅತ್ಯಂತ ಅಗ್ಗದ ಲಾಭ ಇರುವುದೇ ಇಲ್ಲಿ.

ಮೇಲಿನ ಲೆಕ್ಕವನ್ನೇ ತಗೊಳ್ಳಿ. ವಾಪಸ್ 20ರಿಂದ 12ಕ್ಕೆ ಇಳಿದರೆ ಬಂದ ಹಣ 58,080, ಖರ್ಚು 33,600, ಉಳಿದದ್ದು 24,480. ತಲಾ 245 ರೂಪಾಯಿ. ವಿಡಿಯೊ ಬದಲಿಸಿಲ್ಲ, ಬೆಲೆ ಏರಿಸಿಲ್ಲ. ಪ್ರತಿ ಆರ್ಡರಿಗೆ 57 ರೂಪಾಯಿ ಜಾಗ ಸಿಕ್ಕಿತು.

ಮಾಡಬೇಕಾದ್ದು ಇಷ್ಟು. ಸಿಒಡಿ ಆರ್ಡರ್ ಬಂದ ತಕ್ಷಣ ವಾಟ್ಸ್ಆ್ಯಪ್‌ನಲ್ಲಿ ವಿಳಾಸ ಸಮೇತ ಖಾತ್ರಿ ಕೇಳಿ. ಉತ್ತರ ಬಾರದಿದ್ದರೆ ಒಂದು ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಿ. ಯುಪಿಐನಲ್ಲಿ ಮೊದಲೇ ಕೊಟ್ಟರೆ 40 ರೂಪಾಯಿ ಕಡಿಮೆ ಅನ್ನಿ. ಕೊರಿಯರ್ ರಿಪೋರ್ಟ್‌ನಲ್ಲಿ ಪಿನ್‌ಕೋಡ್ ಪ್ರಕಾರ ವಾಪಸ್ ಬಂದದ್ದನ್ನು ವಿಂಗಡಿಸಿ, ಪದೇ ಪದೇ ವಾಪಸ್ ಬರುವ ಪಿನ್‌ಕೋಡ್‌ಗಳಿಗೆ ಸಿಒಡಿ ಬಂದ್ ಮಾಡಿ. "ವಿಳಾಸ ಸಿಗಲಿಲ್ಲ" ಎಂದು ಕೊರಿಯರ್‌ನವರು ಬರೆದದ್ದನ್ನೆಲ್ಲ ನಂಬಬೇಡಿ. ಗಿರಾಕಿಗೆ ಫೋನ್ ಮಾಡಿ ಕೇಳಿದರೆ ಕೆಲವೊಮ್ಮೆ ಯಾರೂ ಬಂದೇ ಇರುವುದಿಲ್ಲ.

## ಹಂತ 4: ವಿಡಿಯೊಗಳ ಸರದಿ ಸಿದ್ಧ ಮಾಡಿ

ಸ್ಕೇಲ್ ಆಗುವುದು ವಿಡಿಯೊ. ಬಜೆಟ್ ಅದನ್ನು ಜಾಸ್ತಿ ಜನರ ಮುಂದೆ ಇಡುತ್ತದೆ ಅಷ್ಟೇ. ಒಂದೇ ವಿಡಿಯೊ ನಂಬಿಕೊಂಡು 5,000ಕ್ಕೆ ಹೋದರೆ ಅದು ಬೇಗ ಹಳಸುತ್ತದೆ, ಹಿಂದೆ ಇನ್ನೊಂದು ಇರುವುದಿಲ್ಲ. ನೋಡಿರುವ ಸೋಲುಗಳಲ್ಲಿ ಇದೇ ಹೆಚ್ಚು.

ಮೊದಲ ಮೂರು ಸೆಕೆಂಡ್. ರೀಲ್ಸ್ ನೋಡುವವರ ಬೆರಳು ಸದಾ ಮೇಲಕ್ಕೆ ಸರಿಸಲು ತಯಾರಾಗಿರುತ್ತದೆ. ಲೋಗೊ, "ನಮಸ್ಕಾರ ಸ್ನೇಹಿತರೇ", ಅಂಗಡಿಯ ಬೋರ್ಡು ಇವೆಲ್ಲ ಮೊದಲ ಮೂರು ಸೆಕೆಂಡಿನಲ್ಲಿ ಬೇಡ. ಬಿಸಿ ಜೋಳದ ರೊಟ್ಟಿ ಮೇಲೆ ಬೆಣ್ಣೆ ಕರಗುತ್ತಿದೆ, ಅದರ ಮೇಲೆ ಶೇಂಗಾ ಚಟ್ನಿ ಬೀಳುತ್ತಿದೆ. ಇಲ್ಲಿಂದಲೇ ಶುರುವಾಗಲಿ. ಅಥವಾ ಒರಳಿನಲ್ಲಿ ಕುಟ್ಟುವ ಸದ್ದು. ಅಥವಾ ಪಿಜಿಯಲ್ಲಿ ಕೂತ ಹುಡುಗ ಸಪ್ಪೆ ಚಪಾತಿ ನೋಡಿ ಮುಖ ಕಿವುಚುವುದು.

ಈ ಮೂರೂ ಒಂದೇ ವಿಡಿಯೊಗೆ ಬೇರೆ ಬೇರೆ ಆರಂಭ ಆಗಬಹುದು ಅನ್ನುವುದನ್ನು ಗಮನಿಸಿ. ನಡುವಿನ ಭಾಗ ಒಂದೇ, ಆರಂಭ ಮೂರು. ಒಂದೇ ದಿನದ ಶೂಟಿಂಗ್‌ನಲ್ಲಿ ಮೂರು ಮುಖ್ಯ ಭಾಗ, ತಲಾ ಮೂರು ಆರಂಭ ತೆಗೆದರೆ ಒಂಬತ್ತು ಆ್ಯಡ್ ಕೈಗೆ ಬರುತ್ತವೆ.

ಅಳತೆ. ಮೂರು ಸೆಕೆಂಡ್ ನೋಡಿದವರನ್ನು ಒಟ್ಟು ಇಂಪ್ರೆಷನ್‌ನಿಂದ (ಆ್ಯಡ್ ಎಷ್ಟು ಸಲ ಸ್ಕ್ರೀನ್ ಮೇಲೆ ಬಂತು ಅನ್ನುವ ಎಣಿಕೆ) ಭಾಗಿಸಿದರೆ ಹುಕ್ ರೇಟ್. ಥ್ರೂಪ್ಲೇ, ಅಂದರೆ ಪೂರ್ತಿ ಅಥವಾ ಕನಿಷ್ಠ 15 ಸೆಕೆಂಡ್ ನೋಡಿದ್ದು, ಅದನ್ನು ಇಂಪ್ರೆಷನ್‌ನಿಂದ ಭಾಗಿಸಿದರೆ ಹೋಲ್ಡ್ ರೇಟ್. ಎರಡನ್ನೂ ಕಸ್ಟಮ್ ಮೆಟ್ರಿಕ್ ಆಗಿ ಸೇರಿಸಿಕೊಳ್ಳಿ. ಹುಕ್ ಚೆನ್ನಾಗಿದ್ದು ಹೋಲ್ಡ್ ಬಿದ್ದರೆ ನಡುವಿನ ಭಾಗ ಎಳೆದಿದ್ದೀರಿ. ಎರಡೂ ಚೆನ್ನಾಗಿದ್ದು ಆರ್ಡರ್ ಇಲ್ಲದಿದ್ದರೆ ತೊಂದರೆ ವಿಡಿಯೊದಲ್ಲಿ ಇಲ್ಲ. ಬೆಲೆ ನೋಡಿ, ಸೈಟ್ ನೋಡಿ, ಪೇಜ್ ತೆರೆಯಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.

ಚೌಕಟ್ಟು. 9:16, 1080 × 1920. ಮೇಲೆ 14%, ಕೆಳಗೆ 35%, ಎರಡೂ ಬದಿಗೆ 6% ಜಾಗದಲ್ಲಿ ಅಕ್ಷರ, ಬೆಲೆ, ಲೋಗೊ ಇಡಬೇಡಿ. ಅಲ್ಲಿ ಪೇಜಿನ ಹೆಸರು, ಬಟನ್, ಲೈಕ್ ಚಿಹ್ನೆಗಳು ಕೂರುತ್ತವೆ. ಕೆಳಗೆ ದೊಡ್ಡದಾಗಿ "ಕೇವಲ 699" ಎಂದು ಬರೆದು, ಅದರ ಮೇಲೆ ಆರ್ಡರ್ ಬಟನ್ ಬಂದು ಕೂತು, ಯಾರಿಗೂ ಕಾಣದ ಆ್ಯಡ್‌ಗಳು ಎಷ್ಟೋ.

ಕನ್ನಡ ಅಕ್ಷರ. ಸದ್ದು ಬಂದ್ ಮಾಡಿ ನೋಡುವವರು ಬಹಳ, ಹಾಗಾಗಿ ಕ್ಯಾಪ್ಷನ್ ಬೇಕೇ ಬೇಕು. ಆದರೆ ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ. "ರೊಟ್ಟಿ"ಯ ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಎಕ್ಸ್‌ಪೋರ್ಟ್ ಆದ ಮೇಲೆ ಫೋನ್‌ನಲ್ಲೇ ಒಮ್ಮೆ ಪೂರ್ತಿ ನೋಡಿ. ಆಟೊ ಕ್ಯಾಪ್ಷನ್ ಹಾಕಿದ್ದರೆ ಒಂದೊಂದು ಸಾಲೂ ಓದಿ. ಉತ್ತರ ಕರ್ನಾಟಕದ ಮಾತು ಅದಕ್ಕೆ ಅರ್ಥವೇ ಆಗುವುದಿಲ್ಲ.

ಹಾಡು. ಟ್ರೆಂಡಿಂಗ್‌ನಲ್ಲಿರುವ ಸಿನಿಮಾ ಹಾಡನ್ನು ಸಾಮಾನ್ಯ ರೀಲ್‌ಗೆ ಹಾಕಿದ ಹಾಗೆ ಜಾಹೀರಾತಿಗೆ ಹಾಕುವಂತಿಲ್ಲ. ಮೆಟಾ ಸೌಂಡ್ ಕಲೆಕ್ಷನ್‌ನಲ್ಲಿ ಇರುವುದನ್ನು ಬಳಸಿ, ಇಲ್ಲವೇ ಅಡುಗೆಮನೆಯ ಸದ್ದನ್ನೇ ಇಡಿ. ಊಟದ ಸರಕಿಗೆ ಎರಡನೆಯದೇ ವಾಸಿ.

ಇನ್‌ಫ್ಲುಯೆನ್ಸರ್. ಬೇರೆಯವರ ಮುಖ ಇರುವ ವಿಡಿಯೊ ಓಡಿಸುವುದಾದರೆ ಪಾರ್ಟ್‌ನರ್‌ಶಿಪ್ ಆ್ಯಡ್ ಆಗಿ, ಅಂದರೆ ಅವರ ಹೆಸರೂ ನಿಮ್ಮ ಹೆಸರೂ ಒಟ್ಟಿಗೆ ಕಾಣುವಂತೆ ಓಡಿಸಿ. ಹಣ ಅಥವಾ ಸರಕು ಕೊಟ್ಟು ಮಾಡಿಸಿದ್ದನ್ನು ಜಾಹೀರಾತು ಎಂದು ಕಾಣುವಂತೆ ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಿಂದಲೇ ಇದನ್ನು ಕೇಳುತ್ತಿದೆ. "ಶುಗರ್ ಕಡಿಮೆಯಾಗುತ್ತದೆ", "ಹದಿನೈದು ದಿನದಲ್ಲಿ ತೂಕ ಇಳಿಯುತ್ತದೆ" ಅಂತ ಅವರ ಬಾಯಲ್ಲಿ ಹೇಳಿಸಬೇಡಿ. ಆ್ಯಡ್ ತಿರಸ್ಕಾರವಾಗುವುದು ಸಣ್ಣ ಶಿಕ್ಷೆ, ಇಡೀ ಅಕೌಂಟ್ ಬಂದ್ ಆಗುವ ಅಪಾಯ ಇದೆ.

## ಹಂತ 5: ಕ್ಯಾಂಪೇನ್ ಕಟ್ಟುವುದು

ಇಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಒಂದು ಆ್ಯಡ್ ಸೆಟ್ (ಕ್ಯಾಂಪೇನ್ ಒಳಗೆ ಯಾರಿಗೆ, ಎಲ್ಲಿ ತೋರಿಸಬೇಕು ಎಂದು ಗೊತ್ತುಮಾಡುವ ಗುಂಪು) ಲರ್ನಿಂಗ್ ಮುಗಿಸಲು, ಅಂದರೆ ಯಾರಿಗೆ ತೋರಿಸಿದರೆ ಕೊಳ್ಳುತ್ತಾರೆ ಎಂದು ಯಂತ್ರ ಕಲಿಯಲು, ವಾರಕ್ಕೆ ಸುಮಾರು 50 ಫಲಿತಾಂಶ ಬೇಕು ಅನ್ನುವುದು ಮೆಟಾದ್ದೇ ಮಾತು. ನಿಮ್ಮ ಒಂದು ಆರ್ಡರಿಗೆ 160 ರೂಪಾಯಿ ಬೀಳುತ್ತಿದ್ದರೆ 50ಕ್ಕೆ 8,000, ದಿನಕ್ಕೆ ಸುಮಾರು 1,150. ಇದು ಒಂದೇ ಒಂದು ಆ್ಯಡ್ ಸೆಟ್‌ನ ಮಾತು. ಆದರೆ ಜನ ಮಾಡುವುದೇನು? ದಿನಕ್ಕೆ ಸಾವಿರ ರೂಪಾಯಿ ಇಟ್ಟು, ಬೆಂಗಳೂರಿಗೊಂದು, ಮೈಸೂರಿಗೊಂದು, ಹೆಂಗಸರಿಗೊಂದು, "ಅಡುಗೆ ಆಸಕ್ತಿ"ಗೊಂದು ಅಂತ ಐದು ಆ್ಯಡ್ ಸೆಟ್ ಮಾಡುತ್ತಾರೆ. ಐದೂ "ಲರ್ನಿಂಗ್ ಲಿಮಿಟೆಡ್"ನಲ್ಲೇ, ಅಂದರೆ ಕಲಿಕೆ ಮುಗಿಯದ ಸ್ಥಿತಿಯಲ್ಲೇ ಕೊಳೆಯುತ್ತವೆ.

ಹಾಗಾಗಿ ಒಂದು ಸೇಲ್ಸ್ ಕ್ಯಾಂಪೇನ್, ಅದರಲ್ಲಿ ಒಂದು ಆ್ಯಡ್ ಸೆಟ್, ಅದರಲ್ಲಿ ನಾಲ್ಕರಿಂದ ಆರು ವಿಡಿಯೊ. ಗುರಿ ಪರ್ಚೇಸ್. ಟ್ರಾಫಿಕ್ ಅಥವಾ ವ್ಯೂಸ್ ಗುರಿ ಇಟ್ಟರೆ ಸುಮ್ನೆ ಒತ್ತುವವರು, ಸುಮ್ನೆ ನೋಡುವವರು ಸಿಗುತ್ತಾರೆ. ನೀವು ಕೇಳಿದ್ದನ್ನೇ ಮೆಟಾ ಕೊಡುತ್ತದೆ. ವಾಟ್ಸ್ಆ್ಯಪ್ ಆ್ಯಡ್ ಓಡಿಸುವವರಿಗೂ ಇದೇ ಎಚ್ಚರಿಕೆ: ಮಾತುಕತೆ ಅಗ್ಗಕ್ಕೆ ಸಿಗುತ್ತದೆ, "ರೇಟ್ ಎಷ್ಟು?" ಅಂತ ಕೇಳಿ ಮಾಯವಾಗುವವರೇ ಅದರಲ್ಲಿ ಜಾಸ್ತಿ.

ಜಾಗ ಕರ್ನಾಟಕ. ವಯಸ್ಸು ಅಗಲವಾಗಿರಲಿ. ಭಾಷೆಯ ಖಾನೆಯಲ್ಲಿ ಕನ್ನಡ ಹಾಕುವ ಆಸೆ ಆಗುತ್ತದೆ, ಹಾಕಬೇಡಿ. ಫೋನ್ ಮತ್ತು ಆ್ಯಪ್ ಇಂಗ್ಲಿಷ್‌ನಲ್ಲಿ ಇಟ್ಟುಕೊಂಡ ಕನ್ನಡಿಗರು ಎಷ್ಟು ಜನ ಇದ್ದಾರೆ, ನಿಮ್ಮ ಮನೆಯಲ್ಲೇ ನೋಡಿ. ಅವರೆಲ್ಲ ಹೊರಗುಳಿಯುತ್ತಾರೆ. ವಿಡಿಯೊ ಕನ್ನಡದಲ್ಲಿದ್ದರೆ ಸಾಕು, ಭಾಷೆ ಬಾರದವರು ತಾವೇ ಮುಂದೆ ಸರಿಸುತ್ತಾರೆ, ಯಂತ್ರ ಅದರಿಂದಲೇ ಕಲಿಯುತ್ತದೆ.

ಆಗಲೇ ಲೈಕ್, ಕಾಮೆಂಟ್ ಬಂದಿರುವ ಪೋಸ್ಟ್ ಇದ್ದರೆ ಹೊಸದಾಗಿ ಅಪ್‌ಲೋಡ್ ಮಾಡದೆ "ಯೂಸ್ ಎಕ್ಸಿಸ್ಟಿಂಗ್ ಪೋಸ್ಟ್" ಆರಿಸಿ. "ನಿನ್ನೆ ಬಂತು, ಚೆನ್ನಾಗಿದೆ" ಅನ್ನುವ ಒಂದು ಕಾಮೆಂಟ್ ಹೊಸ ಗಿರಾಕಿಗೆ ಎಷ್ಟೋ ಧೈರ್ಯ ಕೊಡುತ್ತದೆ.

## ಹಂತ 6: ಕೈಯಲ್ಲಿ ದುಡ್ಡು ಎಷ್ಟಿದೆ?

ಇದನ್ನು ಯಾರೂ ಮೊದಲೇ ಕೂಡಿಸಿ ನೋಡುವುದಿಲ್ಲ. ಆ್ಯಡ್ ದುಡ್ಡು ಇವತ್ತೇ ಹೋಗುತ್ತದೆ. ಶೇಂಗಾ, ಡಬ್ಬಿ, ಕೊರಿಯರ್ ದುಡ್ಡು ಅದಕ್ಕೂ ಮೊದಲೇ ಹೋಗಿರುತ್ತದೆ. ಸಿಒಡಿ ಹಣ ಪಾರ್ಸೆಲ್ ತಲುಪಿ, ಕೊರಿಯರ್ ಕಂಪನಿಯ ಕೈ ದಾಟಿ ನಿಮ್ಮ ಖಾತೆಗೆ ಬರುವಷ್ಟರಲ್ಲಿ ಎರಡು ವಾರ ಆಗಬಹುದು.

ದಿನಕ್ಕೆ 5,000ದ ಬಜೆಟ್ ಅಂದರೆ ಜಿಎಸ್‌ಟಿ ಸೇರಿ 5,900. 160ರಂತೆ 31 ಆರ್ಡರ್. ಅವಕ್ಕೆ ಸರಕು ಮತ್ತು ಕೊರಿಯರ್ ತಲಾ 310ರಂತೆ 9,610. ದಿನಕ್ಕೆ 15,510. ಹದಿನಾಲ್ಕು ದಿನಕ್ಕೆ 2,17,140 ರೂಪಾಯಿ. ಅಷ್ಟು ಹಣ ಕೈಯಲ್ಲಿ ಇಲ್ಲದಿದ್ದರೆ ಲಾಭದ ಆ್ಯಡನ್ನೂ ಅರ್ಧದಲ್ಲಿ ನಿಲ್ಲಿಸಬೇಕಾಗುತ್ತದೆ. ಪ್ರೀಪೇಯ್ಡ್ ಆರ್ಡರ್ ಜಾಸ್ತಿಯಾದಷ್ಟೂ ಈ ಹೊರೆ ಇಳಿಯುತ್ತದೆ. ಮೂರನೇ ಹಂತದ ಆ 40 ರೂಪಾಯಿ ರಿಯಾಯಿತಿ ಇಲ್ಲೂ ಕೆಲಸ ಮಾಡುತ್ತದೆ.

ಯುಪಿಐನಿಂದ ಮೊದಲೇ ಹಣ ತುಂಬಿ ಓಡಿಸುವವರು ವಾರಕ್ಕಾಗುವಷ್ಟು ಒಮ್ಮೆಗೇ ತುಂಬಿ. ಬ್ಯಾಲೆನ್ಸ್ ಮುಗಿದರೆ ಆ್ಯಡ್ ನಿಲ್ಲುತ್ತದೆ. ಹಾಗೆಯೇ ಅಕೌಂಟ್ ಸ್ಪೆಂಡಿಂಗ್ ಲಿಮಿಟ್ ಹಾಕಿಡಿ. ಒಂದು ಸೊನ್ನೆ ಹೆಚ್ಚಿಗೆ ಬಿದ್ದರೂ ಕಾಪಾಡುತ್ತದೆ.

ಹಣದ ಜೊತೆ ಕೈಗಳನ್ನೂ ಎಣಿಸಿ. 31 ಕಾಂಬೊ ಅಂದರೆ ದಿನಕ್ಕೆ 93 ಪಾಕೆಟ್. ಹುರಿಯುವವರು, ತುಂಬುವವರು ಯಾರು? ಪಾರ್ಸೆಲ್ ಮೂರು ದಿನ ತಡವಾದರೆ ಗಿರಾಕಿಯ ಮನಸ್ಸು ಬದಲಾಗುತ್ತದೆ, ಆರ್‌ಟಿಒ ಏರುತ್ತದೆ.

## ಹಂತ 7: ಈಗ ಬಜೆಟ್ ಏರಿಸಿ

ಕಳೆದ ಏಳು ದಿನದ ಸರಾಸರಿ ಆರ್ಡರ್ ಖರ್ಚು ನಿಮ್ಮ ಅಸಲು ಮಿತಿಗಿಂತ ಚೆನ್ನಾಗಿ ಕೆಳಗಿದ್ದರೆ ಮಾತ್ರ ಶುರು ಮಾಡಿ. ನಮ್ಮ ಉದಾಹರಣೆಯಲ್ಲಿ ಮಿತಿ 245 (ಜಿಎಸ್‌ಟಿ ಕ್ರೆಡಿಟ್ ಸಿಗುತ್ತದೆ ಅಂತ ಇಟ್ಟುಕೊಂಡು), ಖರ್ಚು 160. ಈ ನಡುವಿನ 85 ರೂಪಾಯಿಯೇ ಏರಲು ಇರುವ ಜಾಗ.

ಮೂರು ದಿನಕ್ಕೊಮ್ಮೆ ಸುಮಾರು 20% ಏರಿಸಿ. ಇದು ಮೆಟಾ ಬರೆದಿಟ್ಟ ಕಾನೂನೇನಲ್ಲ, ಕೆಲಸ ಮಾಡುವವರು ಕಂಡುಕೊಂಡ ರೂಢಿ. ಒಮ್ಮೆಲೇ ದೊಡ್ಡದಾಗಿ ಬದಲಿಸಿದರೆ ಲರ್ನಿಂಗ್ ಮತ್ತೆ ಮೊದಲಿನಿಂದ ಶುರುವಾಗಬಹುದು. ದಿನಕ್ಕೆ 1,000ದಿಂದ ಹೊರಟರೆ 1,200, 1,440, 1,730 ಹೀಗೆ ಒಂಬತ್ತು ಮೆಟ್ಟಿಲು, 5,000 ದಾಟಲು ಸುಮಾರು ನಾಲ್ಕು ವಾರ. 500ರಲ್ಲಿ ಇರುವವರು ಮೊದಲು 1,000ಕ್ಕೆ ಬಂದು ಒಂದು ವಾರ ನಿಲ್ಲಿ.

ಏರಿಸಿದ ಮೇಲೆ ಒಂದು ದಿನ ಖರ್ಚು ಬಜೆಟ್‌ಗಿಂತ ಜಾಸ್ತಿ ಕಂಡರೆ ಗಾಬರಿ ಬೇಡ. ದಿನದ ಬಜೆಟ್ ಅನ್ನುವುದು ಸರಾಸರಿ. ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ, ವಾರಕ್ಕೆ ಏಳು ಪಟ್ಟು ದಾಟುವುದಿಲ್ಲ.

ಈ ಸಮಯದಲ್ಲಿ ಬೇರೇನನ್ನೂ ಮುಟ್ಟಬೇಡಿ. ಟಾರ್ಗೆಟಿಂಗ್ ಬದಲಿಸಿದರೂ, ಇರುವ ವಿಡಿಯೊ ತಿದ್ದಿದರೂ, ಹೊಸ ಆ್ಯಡ್ ಸೇರಿಸಿದರೂ ಲರ್ನಿಂಗ್ ಮರಳುತ್ತದೆ. ಹೊಸ ವಿಡಿಯೊಗಳನ್ನು ಬೇರೆ ಸಣ್ಣ ಟೆಸ್ಟ್ ಕ್ಯಾಂಪೇನ್‌ನಲ್ಲಿ ಓಡಿಸಿ. ಮಿತಿಯ ಎರಡು ಪಟ್ಟು, ಅಂದರೆ ಸುಮಾರು 500 ರೂಪಾಯಿ ತಿಂದರೂ ಒಂದೂ ಆರ್ಡರ್ ತರದ ವಿಡಿಯೊ ಬಂದ್. ಗೆದ್ದದ್ದನ್ನು ವಾರಕ್ಕೊಮ್ಮೆ ಒಟ್ಟಿಗೆ ಮುಖ್ಯ ಕ್ಯಾಂಪೇನ್‌ಗೆ ತನ್ನಿ, ಅವತ್ತು ಬಜೆಟ್ ಏರಿಸಬೇಡಿ.

"ಚೆನ್ನಾಗಿ ಓಡುತ್ತಿರುವ ಆ್ಯಡ್ ಸೆಟ್ಟನ್ನು ಐದು ಸಲ ಡುಪ್ಲಿಕೇಟ್ ಮಾಡಿ" ಎಂದು ಹೇಳುವವರು ಇದ್ದಾರೆ. ಒಂದೇ ಜನಕ್ಕೆ ಹೋಗುವ ನಿಮ್ಮದೇ ಎರಡು ಆ್ಯಡ್ ಸೆಟ್ ಹರಾಜಿನಲ್ಲಿ (ಯಾರ ಆ್ಯಡ್ ತೋರಿಸಬೇಕು ಎಂದು ಮೆಟಾ ಪ್ರತಿ ಸಲ ನಡೆಸುವ ಪೈಪೋಟಿ) ಎದುರಾದರೆ ಮೆಟಾ ಒಂದನ್ನು ಮಾತ್ರ ಒಳಗೆ ಬಿಡುತ್ತದೆ. ಉಳಿದವು ಖರ್ಚೂ ಮಾಡದೆ, ಕಲಿಯದೆ ಕೂರುತ್ತವೆ.

ಇನ್ನು ಬಹಳ ಮುಖ್ಯವಾದದ್ದು. ಬಜೆಟ್ ಏರಿದಂತೆ ಒಂದು ಆರ್ಡರಿನ ಖರ್ಚೂ ಏರುತ್ತದೆ. ಸುಲಭಕ್ಕೆ ಕೊಳ್ಳುವವರು ಮೊದಲೇ ಕೊಂಡಿರುತ್ತಾರೆ, ಈಗ ಹುಡುಕುವುದು ಅಷ್ಟು ಸುಲಭಕ್ಕೆ ಕೊಳ್ಳದವರನ್ನು. 160 ಇದ್ದದ್ದು 200 ಆದರೆ ತಪ್ಪಾಗಿದೆ ಅಂತಲ್ಲ. ಲೆಕ್ಕ ನೋಡಿ. 500 ಬಜೆಟ್‌ನಲ್ಲಿ ದಿನಕ್ಕೆ 3 ಆರ್ಡರ್, ತಲಾ 85 ಉಳಿತಾಯ, ಒಟ್ಟು 255. 5,000 ಬಜೆಟ್‌ನಲ್ಲಿ 200ರಂತೆ 25 ಆರ್ಡರ್, ತಲಾ 45, ಒಟ್ಟು 1,125. ಆರ್ಡರಿಗೆ ಸಿಗುವುದು ಕಡಿಮೆ, ದಿನಕ್ಕೆ ಸಿಗುವುದು ಜಾಸ್ತಿ. ಆದರೆ ಖರ್ಚು 235ಕ್ಕೆ ಹೋಯಿತೋ, 21 ಆರ್ಡರ್, ತಲಾ 10, ಒಟ್ಟು 210 ರೂಪಾಯಿ. ಏಳು ಪಟ್ಟು ಜಾಸ್ತಿ ಪಾರ್ಸೆಲ್ ಕಟ್ಟಿ 500ರ ಕಾಲಕ್ಕಿಂತ ಕಡಿಮೆ ಸಂಪಾದನೆ! ಆದ್ದರಿಂದ ನಿಲ್ಲುವ ಗೆರೆಯನ್ನು ಅಸಲಿನಲ್ಲಿ ಎಳೆಯಬೇಡಿ. ಇಲ್ಲಿ ನಾನಾದರೆ 210ರಲ್ಲಿ ಎಳೆಯುತ್ತೇನೆ.

## ಹಂತ 8: ಅಪಾಯದ ಸೂಚನೆಗಳು

ದಿನಕ್ಕೆ ಒಮ್ಮೆ ನೋಡಿ, ಬೆಳಿಗ್ಗೆ. ಗಂಟೆಗೊಮ್ಮೆ ನೋಡಿ ರಾತ್ರಿ ಬಂದ್ ಮಾಡಿ ಬೆಳಿಗ್ಗೆ ಆನ್ ಮಾಡುವ ಅಭ್ಯಾಸ ಬಿಡಿ. ಇವತ್ತು ಒತ್ತಿದವರು ನಾಡಿದ್ದು ಕೊಳ್ಳಬಹುದು. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಕ್ಲಿಕ್ ಆದ ಏಳು ದಿನದವರೆಗಿನ ಖರೀದಿ ಆ ಆ್ಯಡ್‌ಗೇ ಸೇರುತ್ತದೆ. ಮೂರು ದಿನದ ಅಂಕಿ ಇಲ್ಲದೆ ತೀರ್ಮಾನ ಬೇಡ.

ಫ್ರೀಕ್ವೆನ್ಸಿ (ಒಬ್ಬರು ಸರಾಸರಿ ಎಷ್ಟು ಸಲ ನೋಡಿದರು ಅನ್ನುವ ಅಂಕಿ) ಏರುತ್ತಿದೆ, ಹುಕ್ ರೇಟ್ ಮತ್ತು ಕ್ಲಿಕ್ ಎರಡೂ ಇಳಿಯುತ್ತಿವೆ ಅಂದರೆ ವಿಡಿಯೊ ಹಳಸಿದೆ. ಒಂದೇ ಜನ ಮತ್ತೆ ಮತ್ತೆ ನೋಡುತ್ತಿದ್ದಾರೆ. ಬಜೆಟ್ ಇಳಿಸುವುದಕ್ಕಿಂತ ಸರದಿಯಲ್ಲಿರುವ ಹೊಸ ವಿಡಿಯೊ ತರುವುದೇ ಮದ್ದು.

ಸಿಪಿಎಂ, ಅಂದರೆ ಸಾವಿರ ಇಂಪ್ರೆಷನ್‌ಗೆ ಬೀಳುವ ಖರ್ಚು, ಏರಿದೆ, ಉಳಿದದ್ದೆಲ್ಲ ಹಾಗೇ ಇದೆ ಅಂದರೆ ಹರಾಜಿನಲ್ಲಿ ದೊಡ್ಡವರು ಬಂದಿದ್ದಾರೆ. ದಸರಾ, ದೀಪಾವಳಿ ಹೊತ್ತಿಗೆ ದೊಡ್ಡ ಆನ್‌ಲೈನ್ ಅಂಗಡಿಗಳ ಸೇಲ್ ಶುರುವಾದಾಗ ಹೀಗಾಗುತ್ತದೆ. ಆ ವಾರಗಳಲ್ಲಿ ಏರಿಸುವುದನ್ನು ನಿಲ್ಲಿಸಿ ಕಾಯಿರಿ.

ಕ್ಲಿಕ್ ಚೆನ್ನಾಗಿದೆ, ಆರ್ಡರ್ ಏಕಾಏಕಿ ನಿಂತಿದೆ? ಮೊದಲು ನಿಮ್ಮ ಫೋನ್‌ನಲ್ಲಿ ಸೈಟ್ ತೆರೆದು ಒಂದು ಆರ್ಡರ್ ಹಾಕಿ ನೋಡಿ. ಪೇಮೆಂಟ್ ಕೆಟ್ಟಿರಬಹುದು, ಸ್ಟಾಕ್ ಸೊನ್ನೆ ಆಗಿರಬಹುದು.

ಎಲ್ಲಕ್ಕಿಂತ ಮೋಸದ ಸೂಚನೆ ಬೇರೆ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಆರ್ಡರ್ ಏರುತ್ತಿರುತ್ತದೆ, ಖರ್ಚು ಇಳಿಯುತ್ತಿರುತ್ತದೆ, ನೀವು ಖುಷಿಯಲ್ಲಿರುತ್ತೀರಿ. ಹತ್ತು ದಿನದ ಮೇಲೆ ಪಾರ್ಸೆಲ್‌ಗಳು ರಾಶಿಯಾಗಿ ವಾಪಸ್ ಬರುತ್ತವೆ. ವಿಡಿಯೊದಲ್ಲಿ ಸಿಒಡಿ ಬಗ್ಗೆ ಜೋರಾಗಿ ಹೇಳಿದಾಗ, ಇಲ್ಲದ ರಿಯಾಯಿತಿ ತೋರಿಸಿದಾಗ, ಮನಸ್ಸಿಲ್ಲದವರೂ ಆರ್ಡರ್ ಒತ್ತಿಬಿಡುತ್ತಾರೆ. ಅದಕ್ಕೇ ಶೀಟ್‌ನಲ್ಲಿ ಆರ್ಡರ್ ಬಂದ ದಿನಾಂಕದ ಪಕ್ಕ ತಲುಪಿತೋ ವಾಪಸ್ಸೋ ಎಂದು ಬರೆಯುತ್ತಾ ಹೋಗಿ. ಯಾವ ವಿಡಿಯೊದಿಂದ ಬಂದದ್ದು ಅನ್ನುವುದನ್ನು ಲಿಂಕ್‌ನ ಯುಟಿಎಂ ಕೋಡ್ (ಯಾವ ಆ್ಯಡ್‌ನಿಂದ ಬಂದರು ಎಂದು ಗುರುತಿಸಲು ಲಿಂಕ್‌ನ ಕೊನೆಗೆ ಸೇರಿಸುವ ಗುರುತು) ಹೇಳುತ್ತದೆ. ಆರ್ಡರಿನಲ್ಲಿ ಮೊದಲ ಸ್ಥಾನದಲ್ಲಿರುವ ವಿಡಿಯೊ ಡೆಲಿವರಿಯಲ್ಲಿ ಕೊನೆಯಲ್ಲಿದ್ದರೆ ಅದನ್ನು ಬಂದ್ ಮಾಡಲು ಹಿಂಜರಿಯಬೇಡಿ.

ಗೆರೆ ದಾಟಿದಾಗ ಏನು ಮಾಡಬೇಕು ಅನ್ನುವುದನ್ನು ಮೊದಲೇ ಆಟೊಮೇಟೆಡ್ ರೂಲ್ ಆಗಿ ಬರೆದಿಡಿ: ಮೂರು ದಿನದ ಸರಾಸರಿ ಖರ್ಚು 210 ದಾಟಿದರೆ ಬಜೆಟ್ 20% ಇಳಿಸು. ನಷ್ಟ ಆಗುತ್ತಿರುವ ದಿನ ನಮ್ಮ ಕೈ ಅಷ್ಟು ಸುಲಭಕ್ಕೆ ಇಳಿಸುವ ಬಟನ್ ಕಡೆ ಹೋಗುವುದಿಲ್ಲ, ಅಲ್ವಾ.

## ಹಂತ 9: ಹೊಸ ಜಾಗ, ಆಮೇಲೆ ಶಾರ್ಟ್ಸ್

ಕರ್ನಾಟಕದಲ್ಲಿ ಖರ್ಚು ಗೆರೆ ಮುಟ್ಟಿ ನಿಂತಾಗ ಬಜೆಟ್ ತಳ್ಳುವ ಬದಲು ಜಾಗ ಅಗಲಿಸಿ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈಯ ಕನ್ನಡಿಗರಿಗೆ ಇದೇ ವಿಡಿಯೊ ನಡೆಯುತ್ತದೆ, ಊರಿನ ರುಚಿ ಸಿಗದ ಕಡೆ ಬೇಡಿಕೆ ಇನ್ನೂ ಚೆನ್ನಾಗಿರಬಹುದು. ಸೊಲ್ಲಾಪುರಕ್ಕೆ ಹೋಗುವಾಗ ಮಾತ್ರ ಯೋಚಿಸಿ. ಅಲ್ಲಿ ಶೇಂಗಾ ಚಟ್ನಿ ಅವರದ್ದೇ ಹೆಸರುವಾಸಿ ತಿನಿಸು, ಮರಾಠಿ ವಿಡಿಯೊ ಬೇರೆ ಬೇಕು. ಹೊಸ ರಾಜ್ಯಕ್ಕೆ ಬೇರೆ ಕ್ಯಾಂಪೇನ್ ಮಾಡಿ. ಕೊರಿಯರ್ ದರವೂ ಆರ್‌ಟಿಒ ಕೂಡ ಬದಲಾಗುವುದರಿಂದ ಒಂದನೇ ಹಂತದ ಲೆಕ್ಕವನ್ನು ಅಲ್ಲಿಗೆ ಹೊಸದಾಗಿ ಹಾಕಿ.

ಯೂಟ್ಯೂಬ್ ಶಾರ್ಟ್ಸ್‌ಗೆ ಗೂಗಲ್ ಆ್ಯಡ್ಸ್‌ನ ಡಿಮ್ಯಾಂಡ್ ಜೆನ್ ಅನ್ನುವ ಬಗೆಯ ಕ್ಯಾಂಪೇನ್ ಬಳಸಿ. ರೀಲ್ಸ್‌ನಲ್ಲಿ ಗೆದ್ದ ಎರಡು ಮೂರು ವಿಡಿಯೊಗಳಿಂದಲೇ ಶುರು ಮಾಡಿ. ಇನ್‌ಸ್ಟಾಗ್ರಾಮ್‌ನ ಗುರುತು ಇರುವ ಫೈಲ್ ಹಾಕದೆ ಮೂಲ ಫೈಲ್ ಹಾಕಿ. ಗೂಗಲ್‌ನ ಪರ್ಚೇಸ್ ಟ್ರ್ಯಾಕಿಂಗ್ ಬೇರೆಯೇ ಜೋಡಿಸಬೇಕು, ಎರಡನೇ ಹಂತದ ಪರೀಕ್ಷೆ ಇಲ್ಲೂ ಮಾಡಿ.

ಎರಡೂ ಕಡೆ ಓಡುವಾಗ ಒಂದು ಗೊಂದಲ ಬರುತ್ತದೆ. ಬೆಳಿಗ್ಗೆ ರೀಲ್ ಒತ್ತಿ, ಸಂಜೆ ಶಾರ್ಟ್ಸ್ ಒತ್ತಿ, ರಾತ್ರಿ ಕೊಂಡ ಒಬ್ಬ ಗಿರಾಕಿಯನ್ನು ಮೆಟಾ ತನ್ನವನು ಅನ್ನುತ್ತದೆ, ಗೂಗಲ್ ಕೂಡ ತನ್ನವನು ಅನ್ನುತ್ತದೆ. ಎರಡೂ ಸ್ಕ್ರೀನಿನ ಆರ್ಡರುಗಳನ್ನು ಕೂಡಿಸಿದರೆ ನಿಮ್ಮ ಸೈಟ್‌ನಲ್ಲಿ ಇಲ್ಲದ ಆರ್ಡರುಗಳು ಹುಟ್ಟುತ್ತವೆ. ಇಲ್ಲಿಂದ ಮುಂದೆ ಪ್ರತಿ ಸೋಮವಾರ ಒಂದೇ ಅಂಕಿ ನೋಡಿ: ಎರಡೂ ಕಡೆಯ ಒಟ್ಟು ಆ್ಯಡ್ ಖರ್ಚನ್ನು ಸೈಟ್‌ಗೆ ಬಂದ ಒಟ್ಟು ಆರ್ಡರುಗಳಿಂದ ಭಾಗಿಸಿ. ಶಾರ್ಟ್ಸ್ ಸೇರಿಸಿದ ಮೂರು ವಾರದ ನಂತರ ಆ ಅಂಕಿ 210ರ ಕೆಳಗೇ ಇದ್ದು ಒಟ್ಟು ಡೆಲಿವರಿ ಏರಿದ್ದರೆ ಮುಂದುವರಿಸಿ. ಡೆಲಿವರಿ ಅಷ್ಟೇ ಇದ್ದು ಖರ್ಚು ಮಾತ್ರ ಏರಿದ್ದರೆ ಶಾರ್ಟ್ಸ್ ನಿಲ್ಲಿಸಿ, ಆ ದುಡ್ಡಿನಲ್ಲಿ ಇನ್ನೊಂದು ದಿನ ಶೂಟಿಂಗ್ ಮಾಡಿ.